ಹಂಪಕ್ಕ ಹೊಲಿದ ಓಟದ ಮೆಟ್ಟು

ಉಚ್ಚೆಂಗೆಪ್ಪ ಬಳ್ಳಾರಿಯ ಕೌಲ್ ಬಜಾರಿನ ಸುಂಕಣ್ಣನ ಮೆಟ್ಟಿನ ಅಂಗಡಿಗೆ ಬಂದಾಗ ಒಂದು ಬೂಟು ಕಾಲಲ್ಲಿತ್ತು, ಇನ್ನೊಂದು ಕೈಯಲ್ಲಿತ್ತು. ಸಿರುಗುಪ್ಪದವನು, ಪಲ್ಟನ್ನಿನ ಸಿಪಾಯಿ. ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿ, ಹಿಂಗಾರಿ ಜೋಳದ ಕೊಯ್ಲು ಆಗತಾನೆ ಮುಗಿದಿತ್ತು. ಯುದ್ಧ ನಿಂತರೂ ಊರಿಗೆ ಹೋಗಲು ಹಡಗೋ ರಜೆಯೋ ಸಿಗದ ಆರು ದೇಶಗಳ ಸಿಪಾಯಿಗಳು ಕಂಟೋನ್ಮೆಂಟಿನಲ್ಲಿ ಕೂತು ಕೂತು ಬೇಸತ್ತಿದ್ದರು. ಅವರ ಕೈಕಾಲಿಗೆ ಕೆಲಸವಾಗಲೆಂದು ಅಧಿಕಾರಿಗಳು ಒಂದು ಪಂದ್ಯ ಇಟ್ಟರು. ದೇಶಕ್ಕೆ ಐದು ಜನ, ಕೊಳಗಲ್ಲಿನ ಹಾದಿಯ ಹೊಲಗಳಲ್ಲಿ ಎರಡು ಸುತ್ತು, ಒಟ್ಟು ಏಳು ಮೈಲಿ. ಅದಕ್ಕೆ ಅವರು ಕ್ರಾಸ್ ಕಂಟ್ರಿ ಅನ್ನುತ್ತಿದ್ದರು. ಬಜಾರಿನವರಿಗೆ ಅದು ಹೊಲದೋಟ.

ನಮ್ಮ ಕಡೆಯ ಐವರಲ್ಲಿ ಉಚ್ಚೆಂಗೆಪ್ಪನೂ ಒಬ್ಬ. ಬರಿಗಾಲಲ್ಲಿ ಓಡಿದರೆ ಜೋಳದ ಕೂಳೆ ಚುಚ್ಚುತ್ತಿತ್ತು. ಕೊಯ್ದ ಜೋಳದ ಬುಡ ಎಂದರೆ ನೆಲದಲ್ಲಿ ನೆಟ್ಟ ಚೂರಿಯೇ. ಸರ್ಕಾರದ ಬೂಟು ಹಾಕಿದರೆ ಅವನ ಅಗಲ ಪಾದ ಒಳಗೆ ಸೇರದೆ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು.

"ಸುಂಕಣ್ಣ ಮಾವ, ನನ್ನ ಕಾಲಿಗೆ ಹೊಂದೂವಂಗ ಒಂದು ಜೋಡಿ ಮಾಡಿಕೊಡು. ಇನ್ನ ಎಂಟು ದಿನ ಐತಿ," ಎಂದ.

ಸುಂಕಣ್ಣ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ತಡವಿ ನೋಡಿದ. ತಡವಿಯೇ ನೋಡಬೇಕಿತ್ತು. ಎರಡು ವರ್ಷದಿಂದ ಅವನ ಕಣ್ಣಿಗೆ ಪೊರೆ ಕವಿದಿತ್ತು. ಬಜಾರಿಗೆ ಅದು ಪೂರ್ತಿ ಗೊತ್ತಿರಲಿಲ್ಲ. ಅವನು ಅಂಗಡಿಯ ಬಾಗಿಲಲ್ಲಿ, ಚರ್ಮ ಬಡಿಯುವ ಕಲ್ಲಿನ ಮುಂದೆ ಕೂತು ಬಂದವರ ಜೊತೆ ಮಾತಾಡುತ್ತಿದ್ದ. ಕೊಯ್ಯುವುದು, ಹೊಲಿಯುವುದು, ಅಡಿಯ ಅಟ್ಟೆ ಕೂರಿಸುವುದು ಎಲ್ಲ ಪರದೆಯ ಹಿಂದೆ ಅವನ ಹೆಂಡತಿ ಹಂಪಕ್ಕನ ಕೈಯಲ್ಲಿ ನಡೆಯುತ್ತಿತ್ತು.

ಹಂಪಕ್ಕ ಕುರುಗೋಡಿನವಳು. ಅಪ್ಪ ಹಗ್ಗ ಬಾರುಕೋಲು ಮಾಡುವಾಗ ಚರ್ಮದ ಚೂರುಗಳನ್ನು ಆರಿಸಿ ಗೊಂಬೆಗೆ ಮೆಟ್ಟು ಹೊಲಿದವಳು. ಮದುವೆಯಾಗಿ ಬಂದ ಮೇಲೆ ಮಾವನ ಕೈ ನೋಡುತ್ತ ನೋಡುತ್ತ ಕಸುಬು ಕಲಿತಳು, ಯಾರೂ ಕಲಿಸಲಿಲ್ಲ. ದಬ್ಬಳ ಹಿಡಿಯುವ ಮುಂಚೆ ಕುರುಗೋಡು ಬಸವಣ್ಣನ ದಿಕ್ಕಿಗೆ ಒಮ್ಮೆ ತಲೆ ಬಾಗಿಸುವಳು. ಅವರ ಕೇರಿಯವರಿಗೆ ಆ ಗುಡಿಯ ಒಳಗೆ ಹೋಗುವ ವಾಡಿಕೆ ಇರಲಿಲ್ಲ, ರಸ್ತೆಯಿಂದಲೇ ಕೈಮುಗಿದು ಅಭ್ಯಾಸ. ದೇವರಿಗೆ ದೂರ ಹತ್ತಿರ ಇಲ್ಲವೆಂದು ಅವಳು ಯಾರಿಗೂ ಹೇಳಲಿಲ್ಲ, ಹಾಗೆ ನಂಬಿದ್ದಳು ಅಷ್ಟೆ.

ಆ ಹೊತ್ತಿಗೆ ಸುಂಕಣ್ಣನ ಅಣ್ಣ ದುರುಗಣ್ಣ ಅಲ್ಲೇ ಇದ್ದ. ಅಂಗಡಿ ಮುಚ್ಚಿಸಿ ತಮ್ಮನನ್ನೂ ಅವನ ಹೆಂಡತಿಯನ್ನೂ ತಾನಿರುವ ಕುರುಗೋಡಿಗೆ ಕೂಲಿ ಕೆಲಸಕ್ಕೆ ಕರೆದೊಯ್ಯಲೆಂದೇ ಬಂದಿದ್ದ. ಕಣ್ಣಿಲ್ಲದವನ ಅಂಗಡಿ ಎಷ್ಟು ದಿನ ನಡೆದೀತು ಎಂಬುದು ಅವನ ವಾದ. ನಾನಿಲ್ಲವೇ ಎಂದು ಹಂಪಕ್ಕ ಪರದೆಯ ಹಿಂದಿನಿಂದಲೇ ಕೇಳಿದಾಗ ದುರುಗಣ್ಣ ನಕ್ಕ.

"ನೀ ಇದ್ದಿ ಬಿಡವ್ವ. ಬಾರು ಹೊಲಿಯೋದು ಬ್ಯಾರೆ, ಇದು ಬ್ಯಾರೆ. ಈ ಜೋಡಿ ನೀ ಒಬ್ಬಾಕಿನ ಮಾಡು. ಏಳು ಮೈಲಿ ಓಡಿ ಹರೀಲಾರದಂಗ ಬಂತಂದ್ರ ನಾ ಮತ್ತ ಬಾಯಿ ತೆಗಿಯಾಂಗಿಲ್ಲ. ಹರೀತು ಅಂದ್ರ ಬೀಗ ಹಾಕಿ ಗಾಡಿ ಹತ್ರಿ."

ಹಂಪಕ್ಕ ಆಗಲಿ ಅಂದಳು.

ಐದು ದಿನ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಎಮ್ಮೆ ಚರ್ಮದ ಬೆನ್ನಿನ ಭಾಗವನ್ನೇ ಆರಿಸಿ, ನೆನೆಸಿ, ಬಡಿದು, ಔಡಲೆಣ್ಣೆ ಕುಡಿಸಿದಳು. ಬೆರಳುಗಳು ಹರಡಿಕೊಳ್ಳಲು ಮುಂದೆ ಅಗಲ ಬಿಟ್ಟಳು. ಜೋಡಿ ಅಟ್ಟೆ, ಮೇಣ ಹಚ್ಚಿದ ದಾರ, ಒತ್ತು ಹೊಲಿಗೆ. ಇಷ್ಟರ ನಡುವೆ ಒಂದು ತಪ್ಪು ಮಾಡಿದಳು. ಮಾವನ ಕಾಲದಿಂದ ಆ ಮನೆಯಲ್ಲಿ ಮದುಮಗನಿಗೋ ಗೌಡನಿಗೋ ಮೆಟ್ಟು ಮಾಡಿದರೆ ಎರಡು ಅಟ್ಟೆಗಳ ನಡುವೆ ಎಣ್ಣೆ ಕಾಣದ ಒಣ ಚರ್ಮದ ತುಂಡೊಂದನ್ನು ಇಡುತ್ತಿದ್ದರು. ಹೆಜ್ಜೆ ಇಟ್ಟಾಗ ಅದು ಕಿರ್ರ್ ಅನ್ನಬೇಕು. ಸದ್ದಿಲ್ಲದ ಮೆಟ್ಟು ಹಾಕುವವನು ದೊಡ್ಡವನೇ ಅಲ್ಲ. ದೇಶದ ಹೆಸರಲ್ಲಿ ಓಡುವವನಿಗೆ ಆ ಮರ್ಯಾದೆ ಬೇಡವೇ ಎಂದು ಹಂಪಕ್ಕನ ಕೈ ತಾನಾಗಿಯೇ ಆ ತುಂಡನ್ನು ಇಟ್ಟು ಹೊಲಿದುಬಿಟ್ಟಿತ್ತು.

ಮೆಟ್ಟು ಒಯ್ದ ಮಾರನೆಯ ದಿನ ಉಚ್ಚೆಂಗೆಪ್ಪ ಬೆವರುತ್ತ ಬಂದ. ಮೆಟ್ಟು ಕಾಲಿಗೆ ಚರ್ಮದ ಮೇಲೆ ಚರ್ಮ ಕೂತಂತೆ ಕೂತಿದೆ, ಆದರೆ ಮೈದಾನದಲ್ಲಿ ಓಡಿದರೆ ಇಡೀ ಪಲ್ಟನ್ನು ಹೊಟ್ಟೆ ಹಿಡಿದು ನಗುತ್ತಿದೆಯಂತೆ. ಅಚ್ಚಿಗೆ ಎಣ್ಣೆ ಹಾಕದ ಬಂಡಿ ಬಂತೆಂದು ಹವಾಲ್ದಾರ ದಾರಿ ಬಿಟ್ಟು ನಿಂತನಂತೆ.

"ಆ ತುಂಡು ತೆಗದುಬಿಡಕ್ಕ, ನಿನ್ನ ಕೈ ಮುಗೀತೀನಿ."

ಹಂಪಕ್ಕ ಮೆಟ್ಟನ್ನು ತಿರುಗಿಸಿ ನೋಡಿದಳು. ತುಂಡು ತೆಗೆಯಬೇಕೆಂದರೆ ಹೊಲಿಗೆ ಬಿಚ್ಚಬೇಕು. ಒಮ್ಮೆ ದಬ್ಬಳ ಹೊಕ್ಕ ತೂತಿನಲ್ಲೇ ಮತ್ತೆ ಹೊಲಿದರೆ ತೂತು ಅಗಲವಾಗುತ್ತದೆ, ದಾರ ಸಡಿಲುತ್ತದೆ. ಹೊಸದು ಮಾಡಲು ದಿನವಿಲ್ಲ.

"ಬಿಚ್ಚಿದ್ರ ಸುಮ್ಮನಿರತೈತಿ, ಖರೆ ಗಟ್ಟಿ ಇರಾಂಗಿಲ್ಲ," ಎಂದಳು. "ನಗೋರು ಎಷ್ಟು ದೂರ ನಕ್ಕಾರಪ್ಪ? ಏಳು ಮೈಲಿ ನಗಾಕ ಆಗತೈತೇನು?"

ಉಚ್ಚೆಂಗೆಪ್ಪ ತಲೆ ಕೆರೆದುಕೊಂಡ. ಆಮೇಲೆ ಅವನಿಗೂ ನಗು ಬಂತು. ಹಾಗೆಯೇ ಮೆಟ್ಟಿಕೊಂಡು ಹೋದ.

ಪಂದ್ಯದ ಬೆಳಿಗ್ಗೆ ಹೊಲಗಳ ಬದುವಿನ ಮೇಲೆ ಅರ್ಧ ಬಳ್ಳಾರಿಯೇ ನಿಂತಿತ್ತು. ಹಂಪಕ್ಕ ಗಂಡನ ಕೈ ಹಿಡಿದು ಬಾವಿಯ ಹತ್ತಿರ, ಓಟದ ದಾರಿ ಕಿರಿದಾಗುವ ಕಡೆ ಜಾಗ ಮಾಡಿಕೊಂಡಳು. ದುರುಗಣ್ಣ ಓಟ ಮುಗಿಯುವ ಹಗ್ಗದ ಬಳಿ ಹೋಗಿ ನಿಂತಿದ್ದ. ಮೆಟ್ಟು ಮೊದಲು ತನ್ನ ಕೈಗೇ ಸಿಗಬೇಕೆಂದು ಅವನ ಹಟ.

ಮೊದಲ ಸುತ್ತಿನಲ್ಲಿ ಉಚ್ಚೆಂಗೆಪ್ಪ ಹದಿನೈದನೆಯವನೋ ಹದಿನಾರನೆಯವನೋ. ಅವನು ಕಾಣುವ ಮುಂಚೆಯೇ ಸುಂಕಣ್ಣ, ಬಂದ ನೋಡು ಎಂದ. ಅಷ್ಟು ಕಾಲುಗಳ ದಡಬಡದಲ್ಲಿ ಆ ಕಿರ್ರ್ ಸದ್ದು ಬೇರೆಯೇ ಕೇಳುತ್ತಿತ್ತು. ಕಣ್ಣಿದ್ದವರಿಗಿಂತ ಮೊದಲು ಓಟ ಕಂಡದ್ದಕ್ಕೆ ಸುಂಕಣ್ಣನ ಮುಖ ಅರಳಿತ್ತು. ಎಷ್ಟೋ ದಿನದ ಮೇಲೆ ಆ ಮುಖ ಹಾಗೆ ಕಂಡಿತು ಹಂಪಕ್ಕನಿಗೆ.

ಎರಡನೆಯ ಸುತ್ತಿನಲ್ಲಿ ತಮಾಷೆಯೇ ಆಯಿತು. ಬದುವಿನ ಮೇಲಿನ ಕಾಲುದಾರಿ ಒಬ್ಬನಿಗಷ್ಟೇ ಅಗಲ. ಹಿಂದಿನಿಂದ ಕಿರ್ರ್ ಕಿರ್ರ್ ಎಂದು ಸದ್ದು ಹತ್ತಿರವಾದಂತೆ ಮುಂದಿನವರಿಗೆ ನಿಲ್ಲದ ಕಾಟ. ಒಬ್ಬ ನೇಪಾಳದವನು ಏನೋ ಬಂತೆಂದು ಪಕ್ಕಕ್ಕೆ ಸರಿದ. ಉದ್ದನೆಯ ಇಂಗ್ಲಿಷಿನವನೊಬ್ಬ ತಿರುತಿರುಗಿ ನೋಡುತ್ತ ಎರೆಮಣ್ಣಿನ ಬಿರುಕಿನಲ್ಲಿ ಕಾಲಿಟ್ಟು ಕೂತುಬಿಟ್ಟ, ಕೂತಲ್ಲೇ ನಗತೊಡಗಿದ. ಬದುವಿನ ಮೇಲಿನ ಹೆಂಗಸರು ದಾರಿ ಬಿಡ್ರಿ, ಗೌಡ್ರು ಬಂದ್ರು ಎಂದು ಕೂಗುತ್ತಿದ್ದರು.

ಉಚ್ಚೆಂಗೆಪ್ಪ ಎದುರಿಗೆ ಹಾದುಹೋದ. ಸುಂಕಣ್ಣ ಹಂಪಕ್ಕನ ಕೈ ಬಿಗಿಯಾಗಿ ಹಿಡಿದ.

"ಎಡಗಾಲಿಂದು ಬ್ಯಾರೆ ಕೇಳಾಕತ್ತೈತಿ. ಅಟ್ಟಿ ಬಿಟ್ಟಂಗೈತಿ, ಹಂಪಿ."

ಅವಳಿಗೂ ಕೇಳಿಸಿತ್ತು. ಎಡ ಹೆಜ್ಜೆಗೆ ಕಿರ್ರ್ ಬದಲು ಟಪ್ ಟಪ್ ಅನ್ನುವ ಸದ್ದು. ಇನ್ನೂ ಒಂದು ಮೈಲಿ ಉಳಿದಿತ್ತು. ಬೀಗ, ಗಾಡಿ, ಕುರುಗೋಡಿನ ದಾರಿ ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಬಸವಣ್ಣನನ್ನು ಏನು ಕೇಳಬೇಕೆಂದೂ ತೋಚಲಿಲ್ಲ. ಗಂಡನನ್ನು ಎಳೆದುಕೊಂಡು ಹಗ್ಗದ ಕಡೆಗೆ ನಡೆದಳು, ನಡೆದದ್ದು ಓಡಿದಂತೆಯೇ ಇತ್ತು.

ಅವರು ಸೇರುವಷ್ಟರಲ್ಲಿ ಓಟ ಮುಗಿದಿತ್ತು. ಉಚ್ಚೆಂಗೆಪ್ಪ ನಾಲ್ಕನೆಯವನಾಗಿ ಬಂದಿದ್ದ, ನಮ್ಮ ಐವರಲ್ಲಿ ಮೊದಲಿಗ. ಜನ ಅವನನ್ನು ಎತ್ತಿ ಹಿಡಿದಿದ್ದರು. ದುರುಗಣ್ಣ ಮಾತ್ರ ಅವನ ಎಡಗಾಲಿಗೆ ಜೋತುಬಿದ್ದು ಮೆಟ್ಟು ಕಳಚುತ್ತಿದ್ದ. ಕಳಚಿ, ಬಿಸಿಲಿಗೆ ಹಿಡಿದು, ಹೆಬ್ಬೆರಳಿನಿಂದ ಅಟ್ಟೆಯ ಅಂಚನ್ನು ಸುತ್ತಲೂ ಒತ್ತಿ ನೋಡಿದ. ಹಿಮ್ಮಡಿಯ ಕೆಳಗೆ ಬೆರಳುದ್ದದ ಜೋಳದ ಕೂಳೆಯೊಂದು ಅಟ್ಟೆಗೆ ನೆಟ್ಟುಕೊಂಡಿತ್ತು, ಟಪ್ ಟಪ್ ಅಂದದ್ದು ಅದೇ. ಕೈಯಿಂದ ಬರಲಿಲ್ಲ. ಹಲ್ಲಿನಿಂದ ಕಚ್ಚಿ ಕಿತ್ತ. ಮೇಲಿನ ಅಟ್ಟೆ ದಾಟಿರಲಿಲ್ಲ. ಹೊಲಿಗೆಯ ಒಂದು ದಾರವೂ ಬಿಟ್ಟಿರಲಿಲ್ಲ.

ದುರುಗಣ್ಣ ಮೆಟ್ಟನ್ನು ತಮ್ಮನ ಕೈಗೆ ಕೊಟ್ಟ. "ಕೂಳಿ ಮುರೀತು, ಇದು ಹರೀಲಿಲ್ಲ," ಎಂದಷ್ಟೇ ಹೇಳಿದ.

ಒಬ್ಬ ಅಧಿಕಾರಿ ಮುಂದೆ ಬಂದು ಸುಂಕಣ್ಣನ ಬೆನ್ನು ತಟ್ಟಿ, ಭೇಷ್ ಎಂದ. ಸುಂಕಣ್ಣ ಆ ಕೈಯನ್ನು ಮೆಲ್ಲಗೆ ಸರಿಸಿದ. ಬಜಾರಿನ ಜನರೆಲ್ಲ ಕೇಳುವಂತೆ, ಎರಡು ವರ್ಷದಿಂದ ನುಂಗಿಕೊಂಡದ್ದನ್ನು ಹೇಳಿದ.

"ನನ್ನ ಕೈದಲ್ಲರಿ ಸಾಹೇಬ್ರ. ನನಗ ಕಣ್ಣು ಕಾಣಾಂಗಿಲ್ಲ. ಇದು ಇಕಿ ಕಸುಬು."

ಹಂಪಕ್ಕ ಸೆರಗು ಎಳೆದುಕೊಂಡು ನೆಲ ನೋಡಿದಳು. ನಗು ಮಾತ್ರ ಸೆರಗಿನಲ್ಲಿ ಅಡಗಲಿಲ್ಲ.

ಮರುದಿನ ಬೆಳಿಗ್ಗೆ ಸುಂಕಣ್ಣ ಬಾಗಿಲ ಜಾಗ ಬಿಟ್ಟು ಗೋಡೆಯ ಪಕ್ಕಕ್ಕೆ ಸರಿದು ಕೂತ. ಪರದೆಯನ್ನು ದುರುಗಣ್ಣನೇ ಬಿಚ್ಚಿ ಮಡಿಸಿಟ್ಟ. ಹೊತ್ತೇರುವ ಮುಂಚೆಯೇ ಬಿರುಕಿನಲ್ಲಿ ಬಿದ್ದ ಆ ಉದ್ದನೆಯ ಇಂಗ್ಲಿಷಿನವನು ಉಚ್ಚೆಂಗೆಪ್ಪನ ಜೊತೆ ಕುಂಟುತ್ತ ಬಂದು, ಮೇಸ್ತ್ರಿ ಎಲ್ಲಿ ಎಂದು ಕೇಳಿದ. ಕಲ್ಲಿನ ಮುಂದೆ ಕೂತಿದ್ದ ಹಂಪಕ್ಕ ಪಾದದ ಅಳತೆಗೆ ಕಾಗದ ಹಾಸಿ, ಇದ್ದಲು ಚೂರು ಕೈಗೆತ್ತಿಕೊಂಡಳು.

"ಕಾಲು ಇಡು ಅನ್ನಪ್ಪ ಅವಗ," ಎಂದಳು ಉಚ್ಚೆಂಗೆಪ್ಪನಿಗೆ. "ನೋಯೂ ಕಾಲು ಮೊದಲು."