ಇಲ್ಲದ ಹಂದಿ ಹೊಡೆದು ಬಂದ ದುಡ್ಡು

ಮೊಮ್ಮಗನ ಕೋಣೆಗೆ ಮೊದಲ ಸಲ ಕಾಲಿಟ್ಟಾಗ ನನಗೆ ವಾಕರಿಕೆ ಬಂತು. ಕಿಟಕಿ ಮುಚ್ಚಿತ್ತು, ಕರ್ಟನ್ ಎಳೆದಿತ್ತು. ನೂಡಲ್ಸ್ ತಿಂದ ತಟ್ಟೆ ಮಂಚದ ಕೆಳಗೆ ಒಣಗಿ ಕೂತಿತ್ತು. ಒದ್ದೆ ಟವೆಲ್ಲಿನ ಮುಗ್ಗಲು ವಾಸನೆ ಬೇರೆ. ಡಿಪ್ಲೊಮಾ ಪಾಸಾದ, ಗಡ್ಡ ಮೀಸೆ ಬಂದ ಗಂಡಸು, ಬನಿಯನ್ನಿನಲ್ಲಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕಂಪ್ಯೂಟರಿನಲ್ಲಿ ಹಂದಿ ಹೊಡೆಯುತ್ತಿದ್ದ.

"ಏನೋ ಇದು?"

"ಕೆಲಸ ಅಜ್ಜಿ."

"ಹಂದಿ ಹೊಡೆಯೋದು ಕೆಲಸಾನಾ?"

"ಹಂದಿ ಸತ್ರೆ ಚಿನ್ನದ ನಾಣ್ಯ ಬೀಳುತ್ತೆ. ಅದನ್ನ ಮಾರ್ತೀನಿ."

"ಯಾರು ತಗೊಳ್ತಾರೋ?"

"ಹಂದಿ ಹೊಡೆಯಕ್ಕೆ ಟೈಮ್ ಇಲ್ದೋರು."

ನಾನು ಭದ್ರಾವತಿಯವಳು. ಯಜಮಾನರು ಕಾರ್ಖಾನೆಯಲ್ಲಿದ್ದರು, ನಾನು ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದೆ. ಕಣ್ಣಿನ ಪೊರೆ ತೆಗೆಸಿಕೊಳ್ಳಲೆಂದು ಶಿವಮೊಗ್ಗಕ್ಕೆ, ಗೋಪಾಳದ ಮಗಳ ಮನೆಗೆ ಬಂದವಳು, ಆಪರೇಷನ್ ಆದ ಮೇಲೆ ಅಲ್ಲೇ ಉಳಿದೆ. ಮಗಳು ಸ್ಕೂಲ್ ಟೀಚರು, ಬೆಳಿಗ್ಗೆ ಹೋದರೆ ಸಂಜೆ ಬರುವುದು. ಅಳಿಯ ಲಾರಿ ಟ್ರಾನ್ಸ್‌ಪೋರ್ಟಿನವನು, ಮನೆಯಲ್ಲಿ ಕಾಣಿಸುವುದೇ ಅಪರೂಪ. ಹಗಲೆಲ್ಲ ಮನೆಯಲ್ಲಿ ನಾನು, ಮೊಮ್ಮಗ ಮತ್ತು ಆ ಹಂದಿಗಳು.

ಹೊಸ ಕಣ್ಣಿನಲ್ಲಿ ನಾನು ಮೊದಲು ಚೆನ್ನಾಗಿ ನೋಡಿದ್ದೇ ಅವನ್ನು. ಒಂದು ಕಾಡು, ಅದರಲ್ಲಿ ಕಪ್ಪು ಹಂದಿಗಳು. ಕತ್ತಿ ಬೀಸಿದರೆ ಹಂದಿ ಬೀಳುತ್ತದೆ, ನಾಣ್ಯ ಉದುರುತ್ತದೆ. ಎರಡು ಸಲ ಕಣ್ಣು ಮಿಟುಕಿಸುವುದರೊಳಗೆ ಅದೇ ಹಂದಿ ಎದ್ದು ನಿಂತು ಮೇಯತೊಡಗುತ್ತದೆ. ರಕ್ತವಿಲ್ಲ, ಮಾಂಸವಿಲ್ಲ, ಹೊಲಕ್ಕೆ ನುಗ್ಗಿದ ಹಂದಿಯೂ ಅಲ್ಲ. ಅದನ್ನು ಹೊಡೆಯುವವಳು ಒಬ್ಬಳು ಹುಡುಗಿ, ಉದ್ದ ಕಿವಿ, ಎರಡು ತುಂಡು ತೊಗಲು ಬಿಟ್ಟರೆ ಮೈಮೇಲೆ ಬಟ್ಟೆಯಿಲ್ಲ. ಅವಳೇ ನನ್ನ ಮೊಮ್ಮಗನಂತೆ. ಆಟದೊಳಗೆ ಅವನು ಹಾಗಿರುತ್ತಾನಂತೆ.

"ಮೊದ್ಲು ಆ ನಾಣ್ಯದಲ್ಲಿ ಅವಳಿಗೊಂದು ಸೀರೆ ತಗೊಳೋ, ಮಾನಗೆಟ್ಟವನೆ."

"ಬಟ್ಟೆ ತುಂಬಾ ರೇಟ್ ಅಜ್ಜಿ ಅಲ್ಲಿ."

ಅವನು ಬಿಡಿಸಿ ಹೇಳಿದ್ದರಿಂದ ನನಗೆ ತಿಳಿದದ್ದು ಇಷ್ಟು. ಈ ಆಟವನ್ನು ಊರೂರಿನ, ದೇಶದೇಶದ ಜನ ಒಟ್ಟಿಗೆ ಆಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಗೊಂಬೆ. ಆಟದ ನಾಣ್ಯ ಇದ್ದರೆ ಆ ಗೊಂಬೆಗೆ ಕತ್ತಿ, ಕುದುರೆ, ಮನೆ ಎಲ್ಲ ಸಿಗುತ್ತದೆ. ನಾಣ್ಯ ಸಿಗಬೇಕಾದರೆ ದಿನವಿಡೀ ಕೂತು ಹಂದಿ ಹೊಡೆಯಬೇಕು. ಸಂಬಳದ ಜನಕ್ಕೆ ಅಷ್ಟು ಪುರುಸೊತ್ತಿಲ್ಲ. ಅವರು ಇವನ ಫೋನಿಗೆ ನಿಜವಾದ ದುಡ್ಡು ಹಾಕುತ್ತಾರೆ, ಇವನು ಆಟದೊಳಗೆ ಅವರ ಗೊಂಬೆಗೆ ನಾಣ್ಯದ ಚೀಲ ಕೊಡುತ್ತಾನೆ. ಆಟ ನಡೆಸುವ ಕಂಪನಿಗೆ ಇದು ಗೊತ್ತಾಗಬಾರದು. ಗೊತ್ತಾದರೆ ಗೊಂಬೆಗೂ ಅದರ ನಾಣ್ಯಕ್ಕೂ ಬೀಗ ಜಡಿಯುತ್ತಾರೆ.

"ಹಂಗಾದ್ರೆ ಕಳ್ಳಮಾಲು ಅನ್ನು."

"ಕದ್ದಿಲ್ಲ ಅಜ್ಜಿ, ನಾನೇ ದುಡಿದಿದ್ದು. ಮಾರಬಾರದು, ಅಷ್ಟೆ."

ಥೂ ಎಂದು ಎದ್ದು ಬಂದಿದ್ದೆ. ಆದರೆ ಅವನು ಒಂದು ದಿನ ಊಟಕ್ಕೆ ಕೂತಾಗ ತಾನಾಗಿಯೇ ಅಂಗಡಿಯ ಮಾತು ತೆಗೆದ. ಭದ್ರಾವತಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಖಾಲಿ ಆಗಿದೆ, ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಹಾಕುತ್ತೇನೆ, ಅಡ್ವಾನ್ಸಿಗೆ ಬೇಕಾದಷ್ಟು ನಾಣ್ಯ ಹೆಚ್ಚುಕಡಿಮೆ ಕೂಡಿದೆ ಎಂದ. ರಿಪೇರಿ ಕೆಲಸ ಅವನಿಗೆ ಬರುತ್ತದೆ, ಅದು ಸುಳ್ಳಲ್ಲ. ಬೀದಿಯವರ ಫೋನೆಲ್ಲ ಇವನ ಹತ್ತಿರವೇ ಬರುತ್ತಿದ್ದವು. ಮಳಿಗೆಯವನು ದೀಪಾವಳಿಯೊಳಗೆ ಅಡ್ವಾನ್ಸ್ ಕೊಟ್ಟರೆ ನಿನಗೆ, ಇಲ್ಲದಿದ್ದರೆ ಬೇಕರಿಯವರಿಗೆ ಎಂದಿದ್ದನಂತೆ. ಇನ್ನು ಸ್ವಲ್ಪ ನಾಣ್ಯ ಬೇಕು, ಒಬ್ಬನೇ ಹೊಡೆದರೆ ಸಾಲದು, ನಾನು ಊಟ ನಿದ್ದೆ ಅಂತ ಏಳುವಾಗ ನೀನು ಕೂತ್ಕೋ ಅಜ್ಜಿ ಎಂದ.

ಅವನನ್ನು ಆ ಕುರ್ಚಿಯಿಂದ ಎಬ್ಬಿಸಬೇಕು ಎಂಬ ಒಂದೇ ಕಾರಣಕ್ಕೆ ನಾನು ಆ ಕುರ್ಚಿಯಲ್ಲಿ ಕೂತೆ. ಮೊದಲು ತಟ್ಟೆ ತೊಳೆಸಿದೆ, ಕಿಟಕಿ ತೆಗೆಸಿದೆ, ಆಮೇಲೆ.

ಅವನು ಮಗಳ ಹಣೆಬೊಟ್ಟು ಎರಡನ್ನು ತಂದು ಎರಡು ಗುಂಡಿಗಳ ಮೇಲೆ ಅಂಟಿಸಿದ. ಕೆಂಪು ಒತ್ತಿದರೆ ಕತ್ತಿ, ಹಸಿರು ಒತ್ತಿದರೆ ನಾಣ್ಯ ಎತ್ತುವುದು. ನಾನು ಓದಿದ್ದು ನಾಲ್ಕನೇ ಕ್ಲಾಸು, ಇಂಗ್ಲಿಷ್ ಒಂದಕ್ಷರ ಬಾರದು. ಅದರ ಅಗತ್ಯವೂ ಇರಲಿಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರಿಗೆ ಕೈ ಒಂದು ಕಡೆ, ಮಾತು ಒಂದು ಕಡೆ ಇರುತ್ತದೆ. ಅಲ್ಲಿ ಡಬ್ಬದ ಲೆಕ್ಕದಲ್ಲಿ ಕೂಲಿ. ಕೈ ತಡವರಿಸಿದರೆ ಡಬ್ಬ ತುಂಬುವುದಿಲ್ಲ, ಅವಸರ ಮಾಡಿದರೆ ಬೆರಳು ಹೋಗುತ್ತದೆ. ಹಾಗಾಗಿ ಒಂದೇ ಹದಕ್ಕೆ ಕೈ ಬೀಳುವುದು ನಮಗೆ ಅಭ್ಯಾಸ. ಕೆಂಪು, ಹಸಿರು, ಕೆಂಪು, ಹಸಿರು. ಬಾಗಿಲಲ್ಲಿ ಸೊಪ್ಪಿನವಳು ಬಂದರೆ ಕೂತಲ್ಲಿಂದಲೇ ಚೌಕಾಸಿ ಮಾಡುತ್ತಿದ್ದೆ, ಕೈ ನಿಲ್ಲುತ್ತಿರಲಿಲ್ಲ.

"ಅಜ್ಜಿ, ನೀನು ನನಗಿಂತ ಫಾಸ್ಟು" ಎಂದು ಅವನು ಹಲ್ಲು ಬಿಟ್ಟ.

"ಕೂಲಿ ಎಷ್ಟು ಕೊಡ್ತೀಯ?"

"ಕಾಫಿ ಮಾಡ್ಕೊಡ್ತೀನಿ."

ಮಾಡಿಕೊಟ್ಟ ಕಾಫಿ ಬಾಯಿಗಿಡುವಂತಿರಲಿಲ್ಲ.

ಅಡಿಕೆ ಸುಲಿಯುವಾಗ ಕೈ ಕಪ್ಪಾಗುತ್ತಿತ್ತು, ವಾರಗಟ್ಟಲೆ ಬಣ್ಣ ಹೋಗುತ್ತಿರಲಿಲ್ಲ. ಆದರೂ ಎದ್ದಾಗ ಪಕ್ಕದಲ್ಲಿ ರಾಶಿ ಇರುತ್ತಿತ್ತು, ಸಿಪ್ಪೆ ಇರುತ್ತಿತ್ತು. ಇಲ್ಲಿ ಎದ್ದರೆ ಏನೂ ಇಲ್ಲ. ಕಾಡು ಹಾಗೇ ಇದೆ, ಹಂದಿ ಹಾಗೇ ಇದೆ, ಆ ಬತ್ತಲೆ ಹುಡುಗಿ ಕಾಲು ಬದಲಿಸುತ್ತ ನಿಂತಿದ್ದಾಳೆ. ಇಂಥದ್ದಕ್ಕೂ ಒಬ್ಬ ದುಡ್ಡು ಕೊಡುತ್ತಾನಲ್ಲ, ಅವನನ್ನು ಯಾರು ಹೆತ್ತರೋ ಎಂದುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಅವನು ಮಳಿಗೆಯವನ ಹತ್ತಿರ ಮಾತಾಡಲು ಭದ್ರಾವತಿಗೆ ಹೋದ. ಹೋಗುವಾಗ ಹೇಳಿದ್ದು ಒಂದೇ ಮಾತು: "ಅಜ್ಜಿ, ಏನೇ ಆಗ್ಲಿ, ಕೈ ಮಾತ್ರ ನಿಲ್ಲಿಸಬೇಡ."

ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಹಂದಿಗಳ ನಡುವೆ ಬಿಳಿ ನಿಲುವಂಗಿಯ ಗಡ್ಡದ ಮುದುಕನೊಬ್ಬ ಬಂದು ನಿಂತ. ಅವನ ತಲೆಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಅಕ್ಷರ ಮೂಡಿದವು. ಭಿಕ್ಷೆ ಕೇಳುತ್ತಾನೇನೋ ಎಂದುಕೊಂಡು ಮುಂದಕ್ಕೆ ಹೋಗಪ್ಪ ಅಂದೆ. ಮತ್ತೆ ಅಕ್ಷರ ಮೂಡಿದವು. ನಾನು ಕೆಂಪು, ಹಸಿರು. ಆಮೇಲೆ ಕಾಡು ಮಾಯವಾಯಿತು. ಹುಡುಗಿಯನ್ನು ಒಂದು ಬರೀ ಬಂಡೆಯ ಮೇಲೆ ತಂದು ನಿಲ್ಲಿಸಿದ್ದರು. ಅಲ್ಲಿ ಹಂದಿಯೂ ಇಲ್ಲ, ನಾಣ್ಯವೂ ಇಲ್ಲ. ಕೈ ನಿಲ್ಲಿಸಬೇಡ ಎಂದಿದ್ದನಲ್ಲ, ನಾನು ಒತ್ತುತ್ತಲೇ ಇದ್ದೆ. ಹುಡುಗಿ ಬರೀ ಗಾಳಿಗೆ ಕತ್ತಿ ಬೀಸುತ್ತಲೇ ಇದ್ದಳು. ಮುದುಕ ಎದುರಿಗೆ ನಿಂತು ನೋಡಿದ. ಕೊನೆಗೆ ಎಲ್ಲ ಕಪ್ಪಾಯಿತು. ಕರೆಂಟ್ ಹೋಯಿತೇನೋ ಎಂದು ನೋಡಿದರೆ ಫ್ಯಾನ್ ತಿರುಗುತ್ತಿತ್ತು.

ಸಂಜೆ ಬಂದವನು ಸ್ಕ್ರೀನ್ ನೋಡಿ ತಲೆ ಹಿಡಿದು ಕೂತ. ಬಿಳಿ ನಿಲುವಂಗಿಯವನು ಕಂಪನಿಯ ಕಾವಲುಗಾರ. ಆಡುತ್ತಿರುವುದು ಮನುಷ್ಯರೋ ಅಥವಾ ತಾನೇ ತಾನಾಗಿ ಗುಂಡಿ ಒತ್ತುವ ಯಂತ್ರವೋ ಎಂದು ಪರೀಕ್ಷೆ ಮಾಡಲು ಬಂದಿದ್ದ. ಮಾತಾಡಿಸಿದರೆ ಉತ್ತರವಿಲ್ಲ, ಎತ್ತಿ ಬೇರೆ ಕಡೆ ಇಟ್ಟರೂ ಕೈ ನಿಲ್ಲಲಿಲ್ಲ, ಒತ್ತುವ ಹದದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇದು ಯಂತ್ರವೇ ಎಂದು ಬರೆದು ಬೀಗ ಜಡಿದಿದ್ದರು. ಅಂಗಡಿಯ ಅಡ್ವಾನ್ಸ್ ಅಷ್ಟೂ ಒಳಗೆ.

"ನಡುನಡುವೆ ಸ್ವಲ್ಪ ತಪ್ಪು ಮಾಡ್ಕೊಂಡು ಆಡಬಾರದಿತ್ತಾ ಅಜ್ಜಿ?"

ಕೇಳಿ ಮೈಯೆಲ್ಲ ಉರಿಯಿತು. ಜೀವಮಾನವೆಲ್ಲ ಕೆಲಸದಲ್ಲಿ ತಪ್ಪು ಹುಡುಕುವವರನ್ನು ಕಂಡಿದ್ದೆ, ತಪ್ಪು ಮಾಡಲಿಲ್ಲವೆಂದು ಶಿಕ್ಷೆ ಕೊಟ್ಟವರನ್ನು ಕಂಡದ್ದು ಇದೇ ಮೊದಲು. ಮೂರು ಹೆತ್ತವಳನ್ನು ಯಂತ್ರ ಅಂದರಂತೆ!

ಮೂರು ದಿನ ಕೋಣೆಯ ಬಾಗಿಲು ಹಾಕಿಕೊಂಡು ಬಿದ್ದಿದ್ದ. ಆಮೇಲೆ ಎದ್ದು ಬಂದು, ಕಂಪನಿಗೆ ಮನವಿ ಮಾಡಬಹುದು, ಆಡಿದ್ದು ಮನುಷ್ಯರೇ ಎಂದು ವಿಡಿಯೊ ಕಳಿಸಬೇಕು, ಒಳ್ಳೆ ಸೀರೆ ಉಟ್ಟುಕೋ ಎಂದ. ಏನು ಹೇಳಬೇಕೆಂದೂ ಹೇಳಿಕೊಟ್ಟ: ನನಗೆ ಈ ಆಟ ಎಂದರೆ ಪ್ರಾಣ, ಮೊಮ್ಮಗ ಖುಷಿಗೆಂದು ಕಲಿಸಿದ, ನಾವು ನಾಣ್ಯ ಮಾರಿದವರಲ್ಲ.

"ಸುಳ್ಳು ಹೇಳಕ್ಕೆ ಸೀರೆ ಬೇರೆ ಉಡಬೇಕಾ?"

"ಅಂಗಡಿ ಹೋಗುತ್ತೆ ಅಜ್ಜಿ."

ಕೂತೆ. ಮುಂದೆ ಫೋನ್ ನಿಲ್ಲಿಸಿದ. ನಾನು ಬಾಯಿಗೆ ಬಂದದ್ದನ್ನೇ ಹೇಳಿದೆ: "ನಿಮ್ಮ ಹಂದಿ ನೋಡಿ ನೋಡಿ ನನಗೆ ಅಸಹ್ಯ ಆಗಿದೆ. ಈ ಸೋಮಾರಿ ಅದನ್ನ ಮಾರಿ ಅಂಗಡಿ ಮಾಡ್ತೀನಿ ಅಂದ, ಅದಕ್ಕೆ ಕೂತೆ. ಯಂತ್ರ ಅಂದೋನು ಎದುರಿಗೆ ಬರ್ಲಿ, ತೋರಿಸ್ತೀನಿ. ಅವಳಿಗೆ ಮೈತುಂಬ ಬಟ್ಟೆ ಹಾಕಿ, ನಾಚಿಕೆ ಆಗಲ್ವಾ ನಿಮಗೆ?" ಹೇಳಿ ಎದ್ದೆ. ಇನ್ನು ಕಳಿಸು ನೋಡೋಣ ಎಂದುಕೊಂಡೆ.

ಅವನು ಕಳಿಸಿಯೇಬಿಟ್ಟ. ಒಂದು ವಾರದೊಳಗೆ ಬೀಗ ತೆಗೆದರು. ಹುಡುಗಿ ಮತ್ತೆ ಕಾಡಿನಲ್ಲಿ ನಿಂತಳು. ಅಷ್ಟೇ ಅಲ್ಲ, ಅವಳ ಹಿಂದೆ ಒಂದು ಗುಲಾಬಿ ಬಣ್ಣದ ಹಂದಿಮರಿ ಓಡಾಡತೊಡಗಿತು. ಕಂಪನಿಯವರು ಅಜ್ಜಿಗೆ ಗೌರವ ಅಂತ ಕೊಟ್ಟದ್ದಂತೆ.

ನನಗೆ ಅನುಮಾನ ಬಂತು. ಮಗಳು ಸ್ಕೂಲಿನಿಂದ ಬಂದ ಮೇಲೆ ವಿಡಿಯೊ ತೆಗೆಸಿ, ನನ್ನ ಮುಖದ ಕೆಳಗೆ ಇಂಗ್ಲಿಷಿನಲ್ಲಿ ಏನಿದೆ ಓದು ಎಂದೆ. ಅವಳು ಓದಿ ನಕ್ಕಳು.

"'ಈ ಹಂದಿಗಳು ನನ್ನ ಮಕ್ಕಳಿದ್ದ ಹಾಗೆ' ಅಂತಿದೆ ಅಮ್ಮ. 'ಈ ಆಟ ನನ್ನ ಮುಪ್ಪಿಗೆ ಬೆಳಕು' ಅಂತಿದೆ."

ನಾನು ಉಗಿದದ್ದನ್ನೇ ಆರತಿ ಮಾಡಿ ಕಳಿಸಿದ್ದ. ಅಲ್ಲಿ ಯಾರಿಗೂ ಕನ್ನಡ ಬಾರದು, ಮುದುಕಿಯ ಬಾಯಿ ಅಲ್ಲಾಡಿದರೆ ಸಾಕಾಯಿತು. ಬಟ್ಟೆಯಿಲ್ಲದ ಹುಡುಗಿಗಿಂತ, ಏಳುವ ಹಂದಿಗಿಂತ ನನಗೆ ಹೇಸಿಗೆಯಾದದ್ದು ಇದು.

ಆದರೂ ಅಂಗಡಿ ಆಗಲಿ ಎಂದು ನುಂಗಿಕೊಂಡೆ. ದೀಪಾವಳಿ ಹತ್ತಿರ ಬಂದಿತ್ತು. "ಇವತ್ತೇ ಮಾರು" ಎಂದೆ.

"ಈಗ ಬೇಡ ಅಜ್ಜಿ. ನಮ್ಮ ಹಂಗೇ ಬೀಗ ಬಿದ್ದು ಎಷ್ಟೋ ಜನರ ನಾಣ್ಯ ಹೋಗಿದೆ, ರೇಟ್ ಏರ್ತಾ ಇದೆ. ಅಡಿಕೆ ಇಟ್ಕೊಳ್ಳಲ್ವಾ ಜನ, ರೇಟ್ ಬರ್ಲಿ ಅಂತ? ಹಂಗೇ."

"ಅಡಿಕೆ ಇಟ್ಟೋನ ಮನೇಲಿ ಮೂಟೆ ಇರುತ್ತೆ ಮಾರಾಯ. ನಿನ್ನ ಮನೇಲಿ ಏನಿದೆ, ತೋರಿಸು?"

"ಬೇಕರಿಯವ್ರು ತಗೊಂಡ್ರೆ ತಗೊಳ್ಲಿ, ಬೇರೆ ಮಳಿಗೆ ಸಿಗುತ್ತೆ."

ಆಗ ನನಗೆ ಗೊತ್ತಾಯಿತು, ಇವನು ಆ ಕುರ್ಚಿಯಿಂದ ಏಳುವವನಲ್ಲ. ನಾನು ಹೇಳಿದೆ: "ಸರಿ. ನಾನು ಆವತ್ತು ಏನಂದೆ ಅಂತ ನಿಮ್ಮಮ್ಮ ಈಗ್ಲೇ ಇಂಗ್ಲಿಷಲ್ಲಿ ಬರೀತಾಳೆ. ಅದನ್ನೂ ಕಳಿಸೋಣ ಕಂಪನಿಗೆ."

"ಬ್ಲ್ಯಾಕ್‌ಮೇಲ್ ಮಾಡ್ತೀಯಾ ಅಜ್ಜಿ?"

"ಹ್ಞೂ. ಮಾಡ್ತೀನಿ."

ಪಕ್ಕದಲ್ಲೇ ಇದ್ದ ತಾಯಿಯ ಕಡೆ ನೋಡಿದ. ಅವಳು ಪೆನ್ ಹುಡುಕುತ್ತಿದ್ದಳು.

ಕೊಳ್ಳಲು ಬಂದವನು ಶಿವಮೊಗ್ಗದವನೇ, ರಾಗಿಗುಡ್ಡದ ಕಡೆಯವನು, ದೊಡ್ಡ ಕೆಲಸದಲ್ಲಿದ್ದವನು, ತಲೆ ಅರ್ಧ ನರೆತಿತ್ತು. ಕಾರಿನಲ್ಲಿ ಬಂದ. ಬೀಗ ಬಿದ್ದು ತೆಗೆದ ಗೊಂಬೆ ಎಂದು ಅನುಮಾನಪಟ್ಟು ಕಣ್ಣಾರೆ ನೋಡಿಕೊಂಡು ಹೋಗಲು ಬಂದಿದ್ದ. ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ, "ಇದು ಮೆಷಿನ್ ಹೊಡೆದ ಮಾಲು ಅಂತಾರೆ, ರೇಟ್ ಸ್ವಲ್ಪ ನೋಡಿ ಮಾಡಿ" ಎಂದ.

"ಮೆಷಿನ್ ನಾನೇ" ಎಂದೆ. "ಏನ್ ತಗೊಳ್ತೀರಿ ಇದ್ರಲ್ಲಿ?"

"ಕುದುರೆ ಅಮ್ಮ. ಬಿಳೀದು, ರೆಕ್ಕೆ ಇದೆ."

"ಮನೇಲಿ ಹೆಂಡ್ತಿ ಮಕ್ಕಳು ಇದಾರಾ?"

"ಇದಾರೆ."

"ಅವರಿಗೆ ಗೊತ್ತಾ, ಕುದುರೆ ಬರೋದು?"

ಅವನು ಫೋನ್ ತೆಗೆದು ಕೇಳಿದಷ್ಟು ದುಡ್ಡು ಹಾಕಿ, ಕೊಟ್ಟ ಕಾಫಿ ಅರ್ಧಕ್ಕೆ ಬಿಟ್ಟು ಹೋದ.

ಮರುದಿನ ನಾನೇ ಮೊಮ್ಮಗನ ಜೊತೆ ಬಸ್ಸಿನಲ್ಲಿ ಭದ್ರಾವತಿಗೆ ಹೋದೆ. ಒಬ್ಬನನ್ನೇ ಕಳಿಸಿದರೆ ದುಡ್ಡು ಮತ್ತೆ ಆಟಕ್ಕೇ ಹೋಗುತ್ತದೆ ಎಂಬ ಭಯ. ಮಳಿಗೆಯವನು ಅಡ್ವಾನ್ಸ್ ತೆಗೆದುಕೊಂಡು ಬೀಗದ ಕೈ ಕೊಟ್ಟ. ಶಟರ್ ಎತ್ತಿದರೆ ಮೂಗು ಮುಚ್ಚಿಕೊಳ್ಳಬೇಕು. ಮುಂಚೆ ಅಲ್ಲಿ ಕೋಳಿ ಅಂಗಡಿ ಇತ್ತಂತೆ. ಗೋಡೆಯ ಸಂದಿಯಲ್ಲಿ ರೆಕ್ಕೆಪುಕ್ಕ, ನೆಲದಲ್ಲಿ ಕಪ್ಪಗೆ ಗಟ್ಟಿಯಾದ ಜಿಡ್ಡು, ಮೂಲೆಯಲ್ಲಿ ಹುಳ.

ನಾನು ಸೆರಗು ಸಿಕ್ಕಿಸಿ ಎದುರಿನ ಅಂಗಡಿಯಿಂದ ಪೊರಕೆ, ಫಿನಾಯಿಲ್ ತರಿಸಿದೆ.

"ಕೂಲಿಯವ್ರನ್ನ ಕರೀಬಹುದಿತ್ತು ಅಜ್ಜಿ."

"ನೀರು ತಗೊಂಡ್ ಬಾ ಹೋಗು."

ಬಕೆಟ್ ಹಿಡಿದು ನಲ್ಲಿಯ ಕಡೆ ಹೋದ. ನಾನು ಒಂದು ಗೋಡೆ ಕೆರೆದು ಮುಗಿಸಿದರೂ ಬರಲಿಲ್ಲ. ಹೊರಗೆ ಬಂದು ನೋಡಿದೆ. ಬಕೆಟ್ ತುಂಬಿ ನೀರು ಚರಂಡಿಗೆ ಹರಿಯುತ್ತಿತ್ತು. ಅವನು ಗೋಡೆಗೆ ಒರಗಿ, ಫೋನಿನ ಮೇಲೆ ಬಗ್ಗಿ ನಿಂತಿದ್ದ. ಹೆಬ್ಬೆರಳು ಆಡುತ್ತಿತ್ತು.

ನಲ್ಲಿ ನಿಲ್ಲಿಸಿ, ಬಕೆಟ್ಟಿನ ನೀರನ್ನು ಅವನ ಕಾಲಿನ ಮೇಲೆ ಸುರಿದೆ. ಖಾಲಿ ಬಕೆಟ್ ಕೈಗೆ ಕೊಟ್ಟು, "ಇನ್ನೊಂದು ಸಲ ತುಂಬು" ಎಂದು ಒಳಗೆ ಹೋದೆ.