ತಿಪ್ಪೇಸ್ವಾಮಣ್ಣ ಅಲ್ಲಾಡದೆ ಕೂತ ದಿನ

ತಿಪ್ಪೇಸ್ವಾಮಣ್ಣನ ಕಾಲು ಸುಮ್ಮನಿದ್ದದ್ದನ್ನು ಕಂಡವರು ಇಡೀ ಚಿತ್ರದುರ್ಗದಲ್ಲಿ ಇರಲಿಲ್ಲ. ಕೂತರೆ ಮೊಣಕಾಲು ಕುಣಿಯುತ್ತಿತ್ತು. ಟೇಬಲ್ಲಿನ ಮೇಲಿನ ಟೀ ಲೋಟ ತಾನೇ ನಡೆದು ಅಂಚಿಗೆ ಬರುತ್ತಿತ್ತು. ಇಂಥವನಿಗೆ ಆಸ್ಪತ್ರೆಯವರು ಕೊಟ್ಟಿದ್ದ ಕೆಲಸವೆಂದರೆ, ಬಂದವರನ್ನು ಅಲ್ಲಾಡದಂತೆ ನಿಲ್ಲಿಸಿ ಮೈ ಅಳೆಯುವುದು.

ಅಳೆಯಲು ಟೇಪಿಲ್ಲ. ವಿಡಿಯೊ ಗೇಮ್ ಆಡುವವರ ಅಗ್ಗದ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿದ್ದ. ಮೈಯ ಯಾವ ಭಾಗ ಎಷ್ಟು ದೂರದಲ್ಲಿದೆ ಎಂದು ನೋಡಿ ಅದು ಪರದೆಯ ಮೇಲೆ ಬಣ್ಣದ ಗುಡ್ಡ, ಹಳ್ಳ ಬಿಡಿಸುತ್ತಿತ್ತು.

ನನ್ನದು ಹಳ್ಳ. ಹುಟ್ಟಿನಿಂದಲೇ ಎದೆ ಒಳಗೆ ಕುಸಿದಿತ್ತು. ಸಿರಿಗೆರೆಯ ಹಾಸ್ಟೆಲಿನಲ್ಲಿ ಅದಕ್ಕೆ ಮಂಡಕ್ಕಿ ಸುರಿದು ಇಡೀ ರೂಮು ತಿಂಡಿ ಮುಗಿಸಿತ್ತು. ಚಟ್ನಿಗೂ ಜಾಗ ಮಿಕ್ಕಿತ್ತು. ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ ಎಂಬುದಕ್ಕೆ ಮಾತ್ರ ನನ್ನ ಹತ್ತಿರ ಜೋಕಿರಲಿಲ್ಲ. ಒಳಗೆ ಉಕ್ಕಿನ ಪಟ್ಟಿ ಕೂರಿಸಿ ಎದೆ ಎತ್ತಬೇಕಿತ್ತು. ಪಟ್ಟಿಯನ್ನು ಎಷ್ಟು ಬಗ್ಗಿಸಬೇಕೆಂದು ತಿಳಿಯಲು ಡಾಕ್ಟರಿಗೆ ಈ ಚಿತ್ರ ಬೇಕು.

"ಏನಪ್ಪ, ಈ ಕೆರೆಗೆ ಕೋಡಿ ಎಲ್ಲೈತೆ?" ಅಂದ ತಿಪ್ಪೇಸ್ವಾಮಣ್ಣ.

"ಹೊಕ್ಕಳ ಕಡಿಗೈತಣ್ಣ. ಹಾಸ್ಟೆಲ್ನಾಗೆ ಇದ್ರಾಗೆ ಮಂಡಕ್ಕಿ ಸುರ್ಕಂಡು ತಿಂದೀವಿ."

ಚಿತ್ರ ಬಂತು. ಹಳ್ಳದ ನಡುವೆ ಒಂದು ಗುಡ್ಡ. ಜೊತೆಗೆ ಬಂದಿದ್ದ ಅಮ್ಮ ನನ್ನ ಕೊರಳಿಗೆ ಕಟ್ಟಿದ್ದ ತಾಯತ ಸರಿಯಾಗಿ ಗುಂಡಿಯಲ್ಲಿ ಕೂತಿತ್ತು.

"ಅಮ್ಮಾರೇ, ಇದನ್ನ ಬಿಚ್ರಿ. ಅಳತೆ ತಪ್ಪಿದ್ರೆ ಪಟ್ಟಿನೂ ತಪ್ತೈತೆ."

"ಆಪರೇಷನ್ ಮುಗಿಯಾ ಮಟ ಕೆಳಗಿಡಂಗಿಲ್ಲ. ಕಟ್ಟಿದೋಳು ನಾನು ಹಾಕ್ಕಳಂಗಿಲ್ಲ."

"ನಾನು ಹಾಕ್ಕಂಡ್ರೆ?"

ಅಮ್ಮ ಅವನ ಕಾಲು ನೋಡಿದಳು. "ಹಾಕ್ಕಳ್ರಿ. ಹಿಂಗೆ ಕುಣಿಸಬ್ಯಾಡ್ರಿ, ಉದುರೀತು."

ತಾಯತ ಅವನ ಕೊರಳಿಗೆ ಹೋಯಿತು, ಕಾಲು ನಿಂತಿತು. ಈ ಸಲ ಚಿತ್ರದಲ್ಲಿ ಬರೀ ಹಳ್ಳ, ನೀಲಿ, ನಾನು ಅಂದುಕೊಂಡದ್ದಕ್ಕಿಂತ ಆಳ. ನಾನು ಅಂಗಿ ಎಳೆದುಕೊಂಡು ಎದೆ ಮುಚ್ಚಿಕೊಂಡೆ.

"ಯಾಕಲೇ, ಮಂಡಕ್ಕಿ ಖಾಲಿಯಾತಾ?" ಅಂದು ಬೆನ್ನು ತಟ್ಟಿದ.

ಆಪರೇಷನ್ ದಿನ ಥಿಯೇಟರಿನೊಳಗೆ ತಾಯತ ಬಿಡಲಿಲ್ಲ, ಮತ್ತೆ ಅವನೇ ಹಾಕಿಕೊಂಡ. ನನ್ನನ್ನು ಹೊರಗೆ ತರುವವರೆಗೂ ಬಾಗಿಲ ಎದುರಿನ ಬೆಂಚಿನ ಮೇಲೆ ಎರಡೂ ಕೈಯಿಂದ ಮೊಣಕಾಲು ಅದುಮಿಕೊಂಡು ಕೂತಿದ್ದನಂತೆ. ಅಮ್ಮ ಕಾಫಿ ತಂದರೂ ಕೈ ಎತ್ತಲಿಲ್ಲವಂತೆ.

ಮುಂದಿನ ಅಳತೆಗೆ ಹೋದಾಗ ಮೆಟ್ಟಿಲು ಹತ್ತಿ, ಎದೆ ಉಬ್ಬಿಸಿಕೊಂಡೇ ಒಳಗೆ ನುಗ್ಗಿದೆ. ಅವನಿರಲಿಲ್ಲ. ಬೇರೆ ಊರಿನ ಆಸ್ಪತ್ರೆಗೆ ಹೋದ ಅಂದಳು ಹೊಸ ಹುಡುಗಿ. ಕ್ಯಾಮೆರಾದ ಸ್ಟ್ಯಾಂಡಿಗೆ ತಾಯತ ಕಟ್ಟಿತ್ತು.

"ಬಿಚ್ಚಬ್ಯಾಡ ಅಂತ ಹೇಳಿ ಹೋಗ್ಯಾರೆ. ಅಲ್ಲಾಡಬ್ಯಾಡ, ನೆಟ್ಟಗೆ ನಿಂತ್ಕ."

ಸ್ಟ್ಯಾಂಡು ನೆಟ್ಟಗೆ ನಿಂತಿತ್ತು. ಕುಣಿಯುತ್ತಿದ್ದದ್ದು ನನ್ನ ಮೊಣಕಾಲು.