ಹಾನಗಲ್ಲಿನಲ್ಲಿ ಇಳಿಯುತ್ತಿದ್ದ ತಂತಿ

ನಾನು ಗಿಟಾರ್ ಕಲಿತವಳು ಎಂದರೆ ಮೊಮ್ಮಕ್ಕಳು ನನ್ನ ಇಳಕಲ್ ಸೀರೆ ನೋಡಿ ನಗುತ್ತಾರೆ. ನಗಲಿ. ಹಾನಗಲ್ಲಿಗೆ ಹೊಸ ಮೋಟಾರು ಬಂದರೆ ಜನ ಅಂಗಡಿ ಬಿಟ್ಟು ನೋಡಲು ಓಡುತ್ತಿದ್ದ ಕಾಲವದು. ಒಂಬತ್ತು ವರ್ಷದ ನಾನು ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಗಳ ಮೇಲೆ ಜಾರಿಸುತ್ತಿದ್ದೆ. ನುಡಿಸುತ್ತಿದ್ದೆ ಎನ್ನಲು ಧೈರ್ಯವಿಲ್ಲ. ಅವ್ವ ಅದನ್ನು ಬೆಕ್ಕಿನ ಜಗಳ ಎನ್ನುತ್ತಿದ್ದಳು.

ಕಲಿಸಿದವರು ಗೋವಾ ಕಡೆಯ ಮಾಸ್ತರು. ಚಲನಚಿತ್ರಗಳಿಗೆ ಇನ್ನೂ ಬಾಯಿ ಬಂದಿರದ ದಿನಗಳಲ್ಲಿ ಮುಂಬಯಿಯ ಒಂದು ಥೇಟರಿನಲ್ಲಿ ಪರದೆಯ ಕೆಳಗೆ ಕುಳಿತು ವಾದ್ಯ ನುಡಿಸುವ ಮೇಳದಲ್ಲಿದ್ದವರು. ಚಿತ್ರಗಳು ಮಾತಾಡತೊಡಗಿದ ಮೇಲೆ ಮೇಳಕ್ಕೆ ಕೆಲಸ ಉಳಿಯಲಿಲ್ಲ. ಹೇಗೋ ನಮ್ಮ ಸೀಮೆಗೆ ಬಂದು ಸೇರಿ, ವಾರಕ್ಕೊಂದು ಸುತ್ತು ಹಾಕಿ ಮನೆಪಾಠ ಹೇಳುತ್ತಿದ್ದರು. ಸೋಮವಾರ ಶಿಗ್ಗಾಂವಿಯಲ್ಲಿ ಗುಮಾಸ್ತರೊಬ್ಬರ ಮಕ್ಕಳು, ಮಂಗಳವಾರ ಸವಣೂರಿನಲ್ಲಿ ಐವತ್ತು ದಾಟಿದ ಎಲೆ ವ್ಯಾಪಾರಿ, ಶುಕ್ರವಾರ ಹಿರೇಕೆರೂರಿನಲ್ಲಿ ಸಾಲಿ ಮಾಸ್ತರರೊಬ್ಬರ ಹೆಂಡತಿ. ನಡುವೆ ಹಾನಗಲ್ಲಿನಲ್ಲಿ ಬುಧವಾರ ಸಂಜೆ ನನಗೆ, ಗುರುವಾರ ಬೆಳಿಗ್ಗೆ ಕಚೇರಿಯ ಶಿರಸ್ತೇದಾರರಿಗೆ. ಎರಡೂ ಪಾಠ ನಮ್ಮ ಪಡಸಾಲೆಯಲ್ಲೇ. ಮಾಸ್ತರು ಮಲಗುತ್ತಿದ್ದುದು ಧರ್ಮಶಾಲೆಯಲ್ಲಿ. ಅಲ್ಲಿ ಇಲಿಗಳ ಕಾಟವೆಂದು ಗಿಟಾರನ್ನು ಮಾತ್ರ ನಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಿದ್ದರು.

ಅಪ್ಪ ದರ್ಜಿ. ಹೊಟ್ಟೆಗೆ ಹೊಲಿಗೆ, ಮರ್ಯಾದೆಗೆ ಭಜನೆ. ಸುತ್ತಲಿನ ಭಜನಾ ಮೇಳದವರೆಲ್ಲ ತಂಬೂರಿ ಶ್ರುತಿ ಮಾಡಿಸಲು ಅವನ ಹತ್ತಿರವೇ ಬರುತ್ತಿದ್ದರು. ನಮ್ಮ ಕಡೆ ನೆರೆಮನೆಯ ಪಾತ್ರೆಯನ್ನು ಬರಿದಾಗಿ ಮರಳಿಸುವುದಿಲ್ಲ. ಒಂದು ಹಿಡಿ ಕಾಳನ್ನೋ ಒಂದು ಚೂರು ಬೆಲ್ಲವನ್ನೋ ಹಾಕಿ ಕೊಡುತ್ತೇವೆ. ಅಪ್ಪ ಈ ಪದ್ಧತಿಯನ್ನು ವಾದ್ಯಗಳಿಗೂ ಹಚ್ಚಿದ್ದ. ನಮ್ಮ ಮನೆಯಲ್ಲಿ ಇಳಿದುಕೊಂಡ ವಾದ್ಯ ಅಪಶ್ರುತಿಯಲ್ಲಿ ಹೊಸ್ತಿಲು ದಾಟುವಂತಿರಲಿಲ್ಲ. ಯಾರೂ ಕೇಳದಿದ್ದರೂ ಅವನೇ ಸರಿಮಾಡಿ ಕೊಡುತ್ತಿದ್ದ. ತನ್ನ ಕಿವಿಯ ಮೇಲೆ ಅವನಿಗೆ ಅಷ್ಟು ಸೊಕ್ಕು.

ಒಂದು ಗುರುವಾರ ಕೋಳಿ ಕೂಗುವ ಹೊತ್ತಿಗೆ ಎದ್ದು ನೋಡಿದರೆ, ಅಪ್ಪ ಗಿಟಾರನ್ನು ಮುಂದಿಟ್ಟುಕೊಂಡು ಒಂದು ತಂತಿಯ ಬಿರಡೆಯನ್ನು ಮೆಲ್ಲಗೆ ತಿರುವುತ್ತಿದ್ದ.

"ಗಂಧಾರ ಎಳ್ಳಷ್ಟು ಏರೇತಿ," ಎಂದ. "ಪಾಪ, ಬ್ಯಾಂಡಿನ ಗದ್ದಲದಾಗ ಇದ್ದವ್ರು. ಹೇಳಿದ್ರ ನೊಂದ್ಕೋತಾರ. ನೀ ಸುಮ್ನಿರು."

ಮಾಸ್ತರು ಶ್ರುತಿ ಕಲಿತದ್ದು ಪಿಯಾನೊದಿಂದ, ಅಪ್ಪ ಕಲಿತದ್ದು ತಂಬೂರಿಯಿಂದ. ಎರಡರ ಗಂಧಾರಗಳ ನಡುವೆ ಕೂದಲೆಳೆಯ ಅಂತರವಿದೆ, ಎರಡೂ ತಮ್ಮ ತಮ್ಮ ಮನೆಯಲ್ಲಿ ಸರಿ. ಇದು ನನಗೆ ಗೊತ್ತಾದದ್ದು ದೊಡ್ಡವಳಾದ ಮೇಲೆ. ಅಂದು ಮಾತ್ರ ಅಪ್ಪನ ಗುಟ್ಟು ನನ್ನ ಹೊಟ್ಟೆಯಲ್ಲಿದೆ ಎಂದು ನಾನು ಬೀಗುತ್ತಿದ್ದೆ.

ಹೀಗೆ ಪ್ರತಿ ಗುರುವಾರ ನಡೆಯಿತು. ಮಾಸ್ತರು ಬಂದು ತಂತಿ ಮೀಟುತ್ತಿದ್ದರು, ಹುಬ್ಬು ಗಂಟಿಕ್ಕುತ್ತಿದ್ದರು, ಅದೇ ಒಂದು ತಂತಿಯನ್ನು ಬಿಗಿ ಮಾಡುತ್ತಿದ್ದರು. ಮೊದಲು ಹವೆಯನ್ನು ಬೈದರು. ಆಮೇಲೆ ತಂತಿಯನ್ನೇ ಬದಲಿಸಿದರು. ಬಿರಡೆ ಸಡಿಲವಿದೆ ಎಂದು ಬಡಿಗನಿಗೆ ತೋರಿಸಿದರು. ಬಡಿಗ ಏನೂ ಆಗಿಲ್ಲ ಎಂದ. ಆ ಮೇಲೆ ಅವರು ಮಾತು ಕಡಿಮೆ ಮಾಡಿದರು. ಪಾಠದ ನಡುವೆ ನಿಲ್ಲಿಸಿ, ಅಂಗೈಯಿಂದ ಎಡಗಿವಿ ಮುಚ್ಚಿ ಒಮ್ಮೆ, ಬಲಗಿವಿ ಮುಚ್ಚಿ ಒಮ್ಮೆ ಅದೇ ತಂತಿ ಮೀಟಿ ಕೇಳುತ್ತಿದ್ದರು. ನನಗೆ ಅದು ಆಟದಂತೆ ಕಂಡು ನಾನೂ ಕಿವಿ ಮುಚ್ಚಿ ತೆರೆಯುತ್ತಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ವರ್ಷದ ಶ್ರಾವಣ ಕಳೆದಿತ್ತು. ಗುರುವಾರ ಮಾಸ್ತರು ಬಂದು ತಂತಿ ಮೀಟಿದರು. ಬಿಗಿ ಮಾಡಲಿಲ್ಲ. ಗಿಟಾರನ್ನು ಚಾಪೆಯ ಮೇಲಿಟ್ಟು ಶಿರಸ್ತೇದಾರರಿಗೆ ಕೈಮುಗಿದರು.

"ಸಾಹೇಬ್ರ, ಮುಂದಿನ ವಾರದಿಂದ ನಾ ಬರೂದಿಲ್ಲ. ಥೇಟರಿನಾಗ ಹತ್ತು ವರ್ಷ ದೊಡ್ಡ ಡ್ರಮ್ಮಿನ ಬಾಜೂಕ ಕುಂತಿದ್ದೆ. ಕಿವಿ ಹೋಗ್ತಾವು ಅಂತ ಡಾಕ್ಟರ ಆವಾಗ್ಲೇ ಹೇಳಿದ್ರು. ಈಗ ಹೋದೂರಿ. ಸಂಜಿಗೆ ಸರಿ ಅಂತ ಬಿಟ್ಟಿದ್ದು ಮುಂಜಾನೆ ತಪ್ಪು ಕೇಳಸ್ತೇತಿ. ಶಿಗ್ಗಾಂವ್ಯಾಗೂ ಸವಣೂರಾಗೂ ಅದ ಸಂಶೇ. ಕಿವಿ ಇಲ್ಲದಾವ ಪಾಠ ಹೇಳಿದ್ರ ಮೋಸ ಆಗ್ತೇತಿ. ಊರಾಗ ತಮ್ಮನ ರೊಟ್ಟಿ ಭಟ್ಟಿ ಐತಿ, ಅಲ್ಲೇ ಕೂಡ್ತೇನಿ."

ಪಡಸಾಲೆಯ ಮೂಲೆಯಲ್ಲಿ ಅಪ್ಪನ ಹೊಲಿಗೆ ಯಂತ್ರ ನಿಂತಿತು. ಅಪ್ಪ ತಲೆ ಎತ್ತಲಿಲ್ಲ. ಅವನು ಹುಟ್ಟಿದಾಗಿನಿಂದ ತಪ್ಪಾಯಿತು ಎಂದವನಲ್ಲ. ತೋಳು ಗಿಡ್ಡವಾದರೆ ಗಿರಾಕಿಯ ಕೈಯೇ ಉದ್ದ ಎನ್ನುವ ಪೈಕಿ. ಮಾಸ್ತರು ಎದ್ದು ಚಪ್ಪಲಿ ಹುಡುಕತೊಡಗಿದಾಗ ನನಗೆ ಅಳು ಬಂತು.

"ಅಪ್ಪಾ, ನೀನ ಅಲ್ಲೇನು ವಾರಾ ಬಿರಡಿ ತಿರುವಾಂವ?" ಎಂದುಬಿಟ್ಟೆ.

ಅಪ್ಪ ನನ್ನನ್ನು ಬೈಯಲಿಲ್ಲ. ಎದ್ದು ಬಂದು ಮಾಸ್ತರ ಎದುರು ನಿಂತ.

"ಖರೆ ಐತ್ರಿ. ಪ್ರತಿ ಗುರುವಾರ ನಾನ ಇಳಿಸೇನಿ. ಕೇಳಲಾರದ ಮುಟ್ಟಿದ್ದು ನನ್ನ ತಪ್ಪು." ಗದ್ದ ಎತ್ತಿ ಸೇರಿಸಿದ, "ಆದ್ರ ಗಂಧಾರ ನಂದ ಖರೆ."

ಮಾಸ್ತರು ನಂಬಲಿಲ್ಲ. ತಮ್ಮ ಮನಸ್ಸು ನೋಯಬಾರದೆಂದು ಅಪ್ಪ ಮಗಳು ಕೂಡಿ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡರು. ನಕ್ಕು, "ಭಾಳ ಉಪಕಾರ ಆತ್ರಿ," ಎಂದು ಮತ್ತೆ ಚಪ್ಪಲಿಗೆ ಕಾಲಿಟ್ಟರು. ಅಪ್ಪ ಅವರ ತೋಳು ಹಿಡಿದು ಒಳಗೆ ಎಳೆದು ತಂದ.

"ಗ್ವಾಡಿ ಕಡೆ ಮಾರಿ ಮಾಡಿ ಕುಂಡ್ರಿ. ನಾ ತಿರುವ್ತೇನಿ, ಗಂಧಾರ ನಂದೋ ನಿಮ್ಮದೋ ನೀವು ಹೇಳ್ರಿ."

ಮಾಸ್ತರು ಗೋಡೆಗೆ ಮುಖ ಮಾಡಿ ಕುಳಿತರು. ಶಿರಸ್ತೇದಾರರು ಪಂಚರಂತೆ ಅಪ್ಪನ ಪಕ್ಕ ಬಂದು ಕುಳಿತರು. ಅಪ್ಪ ಬಿರಡೆ ತಿರುವಿ ಮೀಟಿದ.

"ನಿಮ್ಮದು," ಎಂದರು ಮಾಸ್ತರು.

ಮತ್ತೆ ತಿರುವಿದ.

"ನಂದು."

"ಈಗ?"

"ಎರಡರ ನಡುವ. ನಿಮ್ಮ ಕಡೆ ಒಂದೀಟು ಜಾಸ್ತಿ."

ಒಂದೂ ತಪ್ಪಲಿಲ್ಲ. ಬರಬರುತ್ತ ಅಪ್ಪ ತಿರುವುವುದು ಎಷ್ಟು ಕಡಿಮೆಯಾಯಿತೆಂದರೆ ನೋಡುತ್ತ ಕುಳಿತ ನನಗೇ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಅವನು ಬಿರಡೆಯನ್ನು ಕಿರ್ ಎನಿಸಿದ, ಆದರೆ ಬೇರೆ ತಂತಿಯದನ್ನು. ಆಮೇಲೆ ಆ ಗಂಧಾರವನ್ನೇ ಮೀಟಿದ.

ಮಾಸ್ತರು ತಪ್ಪಿದರೆ ಎಂದು ನಾನು ಲಂಗದ ಅಂಚನ್ನು ಬಾಯಲ್ಲಿ ಕಚ್ಚಿ ಹಿಡಿದಿದ್ದೆ.

"ಈಗ ಇದನ್ನ ನೀವು ಮುಟ್ಟಿಲ್ಲ," ಎಂದರು.

ಅಪ್ಪ ಗಿಟಾರನ್ನು ಕೆಳಗಿಟ್ಟ. "ಇಡೀ ತಾಲೂಕಿನಾಗ ಇಂಥಾ ಕಿವಿ ಇಲ್ರಿ ಮಾಸ್ತರ. ನಂದೂ ಇಲ್ಲ," ಎಂದ. ಅಪ್ಪನ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಅದೊಂದೇ ಸಲ. ಅವನ ಮೇಲೆ ನನಗೆ ಎಂದಿಗಿಂತ ಹೆಚ್ಚು ಅಕ್ಕರೆ ಬಂದದ್ದೂ ಅಂದೇ.

ಮಾಸ್ತರು ನಮ್ಮ ಕಡೆ ತಿರುಗಲಿಲ್ಲ. ಅವರ ಭುಜಗಳು ಅಲುಗುತ್ತಿದ್ದವು. ಶಿರಸ್ತೇದಾರರಿಗೆ ಕಚೇರಿಯ ಹೊತ್ತಾಗಿತ್ತು, ಆದರೆ ಅವರೂ ಏಳಲಿಲ್ಲ.

"ಇನ್ನೊಮ್ಮೆ," ಎಂದರು ಮಾಸ್ತರು, ಗೋಡೆಗೆ ಮುಖ ಮಾಡಿಯೇ. "ಇನ್ನೊಮ್ಮೆ ತಿರುವ್ರಿ."